ಅನ್ನಪೂರ್ಣ ತಾನೇ ತೆಗೆದ ದನಿ

ಅನ್ನಪೂರ್ಣ ಎಂಬ ಹೆಸರು ಕೇಳಿದ ಕೂಡಲೇ ನಮ್ಮ ಖಾನಾವಳಿಗೆ ಬರುವವರೆಲ್ಲ ಅಡುಗೆ ಅವಳದೇ ಅಂದುಕೊಳ್ಳುತ್ತಾರೆ. ಊಟ ಮುಗಿಸಿ ಕೈ ತೊಳೆದು ಬಂದು, “ಅಕ್ಕಾರ, ಎಣ್ಣಿಗಾಯಿ ಮಸ್ತ್ ಆಗಿತ್ರಿ” ಎಂದು ಅವಳಿಗೆ ಹೇಳಿ ಹೋಗುತ್ತಾರೆ. ಅವಳು ನಕ್ಕು ಸುಮ್ಮನಾಗುತ್ತಾಳೆ. ಬೆಳಗಿನಿಂದ ಒಲೆಯ ಮುಂದೆ ಬೆಂದವನು ನಾನು. ನನ್ನ ಹೆಂಡತಿಗೆ ಅನ್ನಕ್ಕೆ ನೀರಿಡುವುದರಾಚೆ ಅಡುಗೆ ಬರುವುದಿಲ್ಲ, ಅದನ್ನು ಅವಳೂ ಮುಚ್ಚಿಡುವುದಿಲ್ಲ.

ಖಾನಾವಳಿ ಇರುವುದು ಕಡ್ಡಿರಾಂಪುರದಲ್ಲಿ, ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ. ರೊಟ್ಟಿ ಬಡಿಯಲು ಹುಲುಗಮ್ಮ ಇದ್ದಾಳೆ, ಪಲ್ಯ ಸಾರು ನನ್ನದು. ಹಿಂದಿನ ಅಂಗಳದಲ್ಲಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಎರಡು ಕೋಣೆಗಳಿವೆ. ಗಲ್ಲಾದ ಪಕ್ಕದ ಟೇಬಲ್ಲಿನ ಮೇಲೆ ಒಂದು ಲ್ಯಾಪ್‌ಟಾಪು, ಅದರ ಮುಂದೆ ಅನ್ನಪೂರ್ಣ. ಬಿಲ್ಲು ಮಾಡುತ್ತಿದ್ದಾಳೆ ಎಂದು ನೀವು ತಿಳಿದರೆ ಪೂರ್ತಿ ತಪ್ಪಲ್ಲ, ಮಧ್ಯೆ ಮಧ್ಯೆ ಬಿಲ್ಲನ್ನೂ ಮಾಡುತ್ತಾಳೆ. ಉಳಿದ ಹೊತ್ತು ಅವಳು ಮಾಡುವ ಕೆಲಸಕ್ಕೆ ಸಂಬಳವಿಲ್ಲ, ಸನ್ಮಾನವಿಲ್ಲ, ನಮ್ಮ ಓಣಿಯಲ್ಲಿ ಅದಕ್ಕೊಂದು ಹೆಸರೂ ಇಲ್ಲ. ನಮ್ಮವ್ವ ಜಂಬಮ್ಮನಂತೂ ಕೇಳಿದವರಿಗೆ, “ಸೊಸಿ ಕಂಪ್ಯೂಟರ್ ಕುಟ್ಟತಾಳ” ಎಂದಷ್ಟೇ ಹೇಳಿ ಮುಗಿಸುತ್ತಾಳೆ. ನಾನು ಇದನ್ನು ಬರೆಯಲು ಕೂತದ್ದೇ ಆ ಸಿಟ್ಟಿಗೆ.

ಲಿನಕ್ಸ್ ಎಂಬುದು ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಬಳಸಬಹುದಾದ ಕಂಪ್ಯೂಟರ್ ವ್ಯವಸ್ಥೆ. ಅದನ್ನು ಬೇರೆ ಬೇರೆ ತಂಡಗಳು ತಮಗೆ ಸರಿಕಂಡಂತೆ ಜೋಡಿಸಿ ಜನರಿಗೆ ಕೊಡುತ್ತವೆ. ಇವಳಿರುವುದು ಅಂಥ ಒಂದು ತಂಡದಲ್ಲಿ. ಅವರ ಜೋಡಣೆಯಲ್ಲಿ ಸಾವಿರಾರು ತಂತ್ರಾಂಶಗಳಿವೆ. ಒಂದೊಂದೂ ಒಂದು ಪ್ಯಾಕೇಜು, ಒಂದೊಂದು ಪ್ಯಾಕೇಜಿಗೂ ಹೊಣೆ ಹೊತ್ತ ಒಬ್ಬ ಮನುಷ್ಯ. ಮೂಲ ತಂತ್ರಾಂಶ ಬರೆದವರು ಎಲ್ಲೋ ಇರುತ್ತಾರೆ. ಅದನ್ನು ತಂದು, ಸೋಸಿ, ಕಟ್ಟಿ, ಎಲ್ಲರ ಯಂತ್ರದಲ್ಲೂ ಜಗಳವಾಡದೆ ಕೂರುವಂತೆ ಮಾಡುವುದು ಇವರ ಪಾಲಿಗೆ ಬಂದದ್ದು. ನೋಡಿಕೊಳ್ಳುವವರು ಬಿಟ್ಟುಹೋದ ಪ್ಯಾಕೇಜನ್ನು ಆ ತಂಡದವರು ಅನಾಥ ಎನ್ನುತ್ತಾರೆ. ಅನ್ನಪೂರ್ಣ ಆ ತಂಡ ಸೇರಿದ್ದೇ ಅಂಥ ಒಂದು ಅನಾಥವನ್ನು ದತ್ತು ತೆಗೆದುಕೊಂಡು. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು.

ಯಾಕೆ ಅದನ್ನೇ ಎಂದರೆ, ಅವಳ ತಮ್ಮ ಮಲ್ಲೇಶ. ಹುಟ್ಟಿನಿಂದ ಕಣ್ಣು ಕಾಣದ ಮಲ್ಲೇಶ ಕಂಪ್ಲಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಪಾಠ ಹೇಳಲು ಅವನಿಗೆ ಯಾರ ಹಂಗೂ ಬೇಕಿಲ್ಲ. ಆದರೆ ಮಕ್ಕಳು ಲ್ಯಾಬಿನಲ್ಲಿ ಟೈಪ್ ಮಾಡಿದ ಪ್ರಬಂಧ ತಿದ್ದುವುದು, ಪ್ರಶ್ನೆಪತ್ರಿಕೆ ಮಾಡುವುದು, ಇವೆಲ್ಲ ಕಂಪ್ಯೂಟರು ಓದಿ ಹೇಳಿದರೆ ಮಾತ್ರ. ಫೋನಿನಲ್ಲಿ ಮಾಡಬಹುದಲ್ಲ ಎನ್ನುವವರಿಗೆ ಹೇಳಿಬಿಡುತ್ತೇನೆ, ಅವನದು ಇವತ್ತಿಗೂ ಬಟನ್ ಫೋನು. ಗಾಜಿನ ಮೇಲೆ ಬೆರಳು ಜಾರಿಸುವ ಆಟ ಅವನಿಗೆ ಆಗಿಬರುವುದಿಲ್ಲ. ಮೊದಲು ಅವನಿಗೆ ಜೊತೆಯ ಮೇಷ್ಟ್ರುಗಳು ಓದಿ ಹೇಳುತ್ತಿದ್ದರು, ಅವರ ಬಿಡುವು ನೋಡಿಕೊಂಡು ಇವನು ಕಾಯಬೇಕಿತ್ತು. ಅಕ್ಕ ಆ ಪ್ಯಾಕೇಜನ್ನು ಎತ್ತಿಕೊಂಡ ಮೇಲೆ ಅವನು ಯಾರ ಬಾಗಿಲಿಗೂ ಹೋಗಲಿಲ್ಲ.

ಅವಳ ಕೆಲಸ ನನಗೆ ಅರ್ಥವಾದದ್ದು ಒಂದು ಜಗಳದಿಂದ. ಒಂದು ದಿನ ಏನೋ ಕಟ್ಟಿ ಕಟ್ಟಿ ಸೋತು ಕೂತಿದ್ದಳು. ನನ್ನ ಯಂತ್ರದಲ್ಲಿ ಆಗುತ್ತಿದೆ, ಸ್ಯಾಂಡ್‌ಬಾಕ್ಸಿನಲ್ಲಿ ಆಗುತ್ತಿಲ್ಲ ಎಂದು ಗೊಣಗುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ.

“ನಿನ್ನದ್ರಾಗ ಆಗತೈತಲ್ಲ, ಮತ್ತೇನು? ಕಳಿಸು ಅತ್ತಾಗ” ಅಂದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. “ನಿಮ್ಮ ಎಣ್ಣಿಗಾಯಿಗೆ ಏನೇನು ಬೇಕು, ಒಂದೂ ಬಿಡದಂಗ ಹೇಳ್ರಿ” ಅಂದಳು.

ನಾನು ಹೇಳಿದೆ. ಬದನೆಕಾಯಿ, ಶೇಂಗಾಪುಡಿ, ಗುರೆಳ್ಳುಪುಡಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹುಣಸೆಹಣ್ಣು, ಬೆಲ್ಲ, ಖಾರದಪುಡಿ, ಅರಿಶಿನ, ಎಣ್ಣೆ, ಉಪ್ಪು. ಇಪ್ಪತ್ತು ವರ್ಷದಿಂದ ಮಾಡುವವನು, ನನಗೇನು ಮರೆವೇ? ಅವಳು ಅಷ್ಟನ್ನೂ ಹಿಂದಿನ ಖಾಲಿ ಕೋಣೆಯ ಅಡುಗೆಕಟ್ಟೆಯ ಮೇಲಿಟ್ಟು, ಒಂದು ಬಾಣಲೆ ಕೊಟ್ಟು, ನನ್ನನ್ನು ಒಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದಳು. ಬದನೆಕಾಯಿ ಸೀಳಲು ಹೋದರೆ ಚಾಕು ಇಲ್ಲ. ಒಲೆ ಹಚ್ಚಲು ಹೋದರೆ ಕಡ್ಡಿಪೆಟ್ಟಿಗೆ ಇಲ್ಲ. ನಲ್ಲಿ ತಿರುಗಿಸಿದರೆ ನೀರೂ ಇಲ್ಲ, ಮೇಲೆ ಹೋಗಿ ವಾಲ್ ಬಂದ್ ಮಾಡಿ ಬಂದಿದ್ದಳು ಪುಣ್ಯಾತ್ಗಿತ್ತಿ.

“ನೀರು ಎಲ್ಲೈತಿ?” ಎಂದು ಕೂಗಿದೆ.

“ನೀರು ಹೇಳಿದ್ರೇನು?”

“ನೀರು ಯಾರರ ಬಾಯಿಬಿಟ್ಟು ಹೇಳ್ತಾರೇನ?”

“ನೀವು ಹೇಳಿಲ್ಲ, ನಾ ಇಟ್ಟಿಲ್ಲ. ನಿಮ್ಮ ಅಡಿಗಿಮನ್ಯಾಗ ಎಲ್ಲಾ ಕೈಗೆ ಸಿಗತಾವ, ಅದಕ್ಕ ನಿಮಗ ಗೊತ್ತಾಗಂಗಿಲ್ಲ. ಇದ ನೋಡ್ರಿ ಸ್ಯಾಂಡ್‌ಬಾಕ್ಸ್.”

ಹುಲುಗಮ್ಮ ರೊಟ್ಟಿ ಬಿಟ್ಟು ಬಂದು ಕಿಟಕಿಯಲ್ಲಿ ನಿಂತು ನಗುತ್ತಿದ್ದಳು. ಮಾನ ಹೋದರೂ ವಿಷಯ ತಲೆಗೆ ಹೊಕ್ಕಿತು. ಪ್ರತಿಸಲ ಪ್ಯಾಕೇಜು ಕಟ್ಟುವಾಗ ಕಂಪ್ಯೂಟರಿನೊಳಗೆ ಒಂದು ಹೊಸ ಖಾಲಿ ಕೋಣೆ ಹೂಡುತ್ತಾರೆ. ಬೇಕು ಎಂದು ಬರೆದುಕೊಟ್ಟ ಸಾಮಾನು ಮಾತ್ರ ಒಳಗೆ. ಹೊರಗಿನ ನೆಟ್‌ವರ್ಕ್ ಬಂದ್. ಕೆಲಸ ಮುಗಿದ ಮೇಲೆ ಆ ಕೋಣೆಯನ್ನೇ ಅಳಿಸಿಹಾಕುತ್ತಾರೆ. ಹೀಗೆ ಕಟ್ಟಿದ್ದರಲ್ಲಿ ಏನಿದೆ, ಎಲ್ಲಿಂದ ಬಂತು ಎಂದು ಯಾರು ಕೇಳಿದರೂ ಉತ್ತರವಿರುತ್ತದೆ. ಆ ಮಧ್ಯಾಹ್ನ ಗಿರಾಕಿಗಳಿಗೆ ಎಣ್ಣೆಗಾಯಿ ಇರಲಿಲ್ಲ, ಬೇಳೆ ಪಲ್ಯದಲ್ಲೇ ಸುಧಾರಿಸಿಕೊಂಡೆವು.

ಆದರೆ ಅಷ್ಟು ವರ್ಷ ಅವರ ತಂಡದ ಕೋಣೆಗಳಲ್ಲಿ ನೆಟ್‌ವರ್ಕಿನ ಕಿಟಕಿ ಪೂರ್ತಿ ಮುಚ್ಚಿರಲಿಲ್ಲ. ಮುಚ್ಚಬೇಕೆಂಬ ನಿಯಮವಿತ್ತು, ಪಾಲಿಸುವವರು ಪಾಲಿಸುತ್ತಿದ್ದರು. ಹೋದ ಬೇಸಿಗೆಯಲ್ಲಿ, ಹೊಸ ಆವೃತ್ತಿಯ ತಯಾರಿ ಶುರುವಾದಾಗ, ತಂಡದವರು ಎಲ್ಲ ಕಿಟಕಿಗಳನ್ನೂ ಒಮ್ಮೆಗೇ ಮುಚ್ಚಿದರು. ಮುಚ್ಚಿದ ದಿನವೇ ಅನ್ನಪೂರ್ಣಳ ಪ್ಯಾಕೇಜು ಕಟ್ಟಲಾಗದೆ ಬಿತ್ತು.

ಹುಡುಕಿದಾಗ ಕಂಡದ್ದು ಇಷ್ಟು. ಕಟ್ಟುವ ಹೊತ್ತಿನಲ್ಲಿ ಆ ತಂತ್ರಾಂಶ ಸದ್ದಿಲ್ಲದೆ ಹೊರಗೆ ಹೋಗಿ, ಒಂದು ತಾಣದಿಂದ ಉಚ್ಚಾರಣೆಯ ಕಡತ ತರುತ್ತಿತ್ತು. ಮೂಲ ಬರೆದ ಪುಣ್ಯಾತ್ಮ ಹಾಗೆ ಮಾಡಿಟ್ಟಿದ್ದ. ಕನ್ನಡ ಬರೆದಂತೆ ಓದುವ ಭಾಷೆ ಎಂದು ನಾವೆಲ್ಲ ಎದೆ ತಟ್ಟಿಕೊಳ್ಳುತ್ತೇವಲ್ಲ, ಅದನ್ನು ಕಂಪ್ಯೂಟರಿಗೆ ಹೇಳಿ ನೋಡಿ. ‘ಕಿ.ಮೀ.’ ಬಂದರೆ ಕಿಲೋಮೀಟರ್ ಅನ್ನಬೇಕು, ‘ಫಲ’ದ ಫ ಬೇರೆ, ‘ಫೀಸು’ ಕಟ್ಟುವ ಫ ಬೇರೆ, ಇಸವಿಯನ್ನು ಓದುವ ರೀತಿ ಬೇರೆ, ಬರೀ ಸಂಖ್ಯೆ ಓದುವ ರೀತಿ ಬೇರೆ. ಅದನ್ನೆಲ್ಲ ಹೇಳಿಕೊಡುತ್ತಿದ್ದುದು ಆ ಕಡತ. ಅದಿಲ್ಲದಿದ್ದರೆ ದನಿ ತೊದಲುತ್ತಿತ್ತು.

ಆ ತಾಣ ಯಾರದು? ಗೊತ್ತಿಲ್ಲ. ಮೇಲ್ ಬರೆದರೆ ವಾಪಸು ಬಂತು. ಅನ್ನಪೂರ್ಣ ಒಂದು ಸೋಮವಾರ ಆ ಕಡತ ಇಳಿಸಿಕೊಂಡಳು, ಅದೇ ವಾರ ಮತ್ತೊಮ್ಮೆ ಇಳಿಸಿಕೊಂಡಳು. ಎರಡೂ ಒಂದೇ ಇರಲಿಲ್ಲ. ಯಾರೋ ನಡುವೆ ಏನನ್ನೋ ಬದಲಿಸಿದ್ದರು. ಸಾಲು ಸಾಲು ಹಿಡಿದು ನೋಡಿದಳು, ಕೆಟ್ಟದ್ದೇನೂ ಸಿಗಲಿಲ್ಲ. ಆದರೆ ಇವತ್ತು ಎರಡು ಪದ ಬದಲಿಸಿದವರು ನಾಳೆ ಏನನ್ನು ಸೇರಿಸಿಯಾರು ಎಂದು ಕೇಳಿದರೆ ಉತ್ತರವಿರಲಿಲ್ಲ. ಇಷ್ಟು ವರ್ಷ ಇದು ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಂಡದವರು ಒಳ್ಳೆಯವರೇ. ‘ಬಳಸುವವರು ಕಡಿಮೆ, ಇದೊಂದಕ್ಕೆ ವಿನಾಯಿತಿ ಕೊಟ್ಟು ಕಿಟಕಿ ತೆರೆದಿಡೋಣ, ಆಮೇಲೆ ನಿಧಾನ ಸರಿಮಾಡು’ ಎಂದು ಬರೆದರು. ನಾನು ಅದನ್ನು ಕೇಳಿ, ಸದ್ಯ ಬದುಕಿತು ಎಂದು ಉಸಿರುಬಿಟ್ಟೆ. ಅನ್ನಪೂರ್ಣಳ ಮುಖ ಕೆಂಪಗಾಯಿತು.

“ಬಳಸೋರು ಕಣ್ಣು ಕಾಣದೋರು. ಅವ್ರ ತಾಟಿನ್ಯಾಗ ಏನು ಬೀಳತೈತಿ ಅಂತ ಅವ್ರಿಗೆ ಕಾಣಂಗಿಲ್ಲ ಅಂತ ಏನರ ಹಾಕಿದ್ರ ನಡೀತೈತೇನ್ರಿ?” ಅಂದಳು.

ವಿನಾಯಿತಿ ಬೇಡ, ನನ್ನ ಪ್ಯಾಕೇಜನ್ನು ಹೊಸ ಆವೃತ್ತಿಯಿಂದ ತೆಗೆದುಹಾಕಿ ಎಂದು ಅವಳೇ ತಂಡಕ್ಕೆ ಬರೆದಳು. ವರ್ಷಗಟ್ಟಲೆ ಸಾಕಿದ್ದನ್ನು ತನ್ನ ಕೈಯಾರೆ ತೆಗೆದಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು, ಯಾಕೆಂದರೆ ಮಲ್ಲೇಶನಿಗೆ ಹೇಳುವುದು ಇನ್ನೂ ಬಾಕಿ ಇತ್ತು. ಹಳೆಯ ಆವೃತ್ತಿಗೆ ತಿದ್ದುಪಡಿಗಳು ನಿಲ್ಲುವುದರಲ್ಲಿದ್ದವು. ದಸರಾ ರಜೆಯಲ್ಲಿ ಅವನ ಶಾಲೆಯ ಎಲ್ಲ ಕಂಪ್ಯೂಟರುಗಳಿಗೂ ಹೊಸದನ್ನು ಹಾಕುವುದೆಂದು ನಿಶ್ಚಯವಾಗಿತ್ತು. ಹಾಕಿದ ಮೇಲೆ ಇಂಗ್ಲಿಷ್ ಓದುವ ದನಿ ಇರುತ್ತದೆ, ಅದು ಬೇರೆಯವರ ಪ್ಯಾಕೇಜು. ಕನ್ನಡ ಮೇಷ್ಟ್ರಿಗೆ ಕನ್ನಡದ ದನಿ ಇರುವುದಿಲ್ಲ.

ಅವಳು ಫೋನಿನಲ್ಲಿ ಒಂದನ್ನೂ ಮುಚ್ಚಿಡದೆ ಹೇಳಿದಳು.

“ಬ್ಯಾರೆಯವರು ಇರಲಿ ಅಂದ್ರು, ನೀನ ಬ್ಯಾಡ ಅಂದಿ. ಹೌದಲ್ಲಕ್ಕ?” ಎಂದು ಕೇಳಿ ಮಲ್ಲೇಶ ಫೋನ್ ಇಟ್ಟ.

ಅದಾದ ಮೇಲೆ ಅವನು ಫೋನ್ ಮಾಡುವುದನ್ನೇ ಬಿಟ್ಟ. ಅನ್ನಪೂರ್ಣ ಲ್ಯಾಪ್‌ಟಾಪಿನ ಮುಂದೆ ಕೂತು ಉಚ್ಚಾರಣೆಯ ನಿಯಮಗಳನ್ನು ಮೊದಲಿನಿಂದ, ತಾನೇ, ಒಂದೊಂದಾಗಿ ಬರೆಯಲು ಶುರುಮಾಡಿದಳು. ನಾನು ಚಹಾ ಇಟ್ಟರೆ ಆರಿಹೋಗುತ್ತಿತ್ತು. ಗಿರಾಕಿ ಬಿಲ್ಲು ಕೇಳಿದರೆ ‘ಒಂದು ನಿಮಿಷ್ರಿ’ ಎಂದು ಹತ್ತು ನಿಮಿಷ ನಿಲ್ಲಿಸುತ್ತಿದ್ದಳು. ಬೈಯಬೇಕೆಂದು ಹೋಗಿ ಅವಳ ಮುಖ ನೋಡಿ ನಾನೇ ಬಿಲ್ಲು ಮಾಡುತ್ತಿದ್ದೆ, ಕೂಡುವುದರಲ್ಲಿ ತಪ್ಪುತ್ತಿದ್ದೆ.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಮಲ್ಲೇಶ ಕಂಪ್ಲಿಯಿಂದ ಬಸ್ಸಿನಲ್ಲಿ ಹೊಸಪೇಟೆಗೆ ಬಂದು, ಅಲ್ಲಿಂದ ಆಟೋದಲ್ಲಿ ಖಾನಾವಳಿಯ ಮುಂದೆ ಇಳಿದ. ನನ್ನ ಕೈ ಹಿಡಿದು, “ಮಾವ, ಅಕ್ಕ ಎಲ್ಲದಾಳ?” ಎಂದ. ಅವಳ ಮುಂದೆ ಹೋಗಿ ಬೆಂಚಿನ ಮೇಲೆ ಕೂತ.

“ನಾ ಇನ್ನೂ ಸಿಟ್ಟಿನ್ಯಾಗ ಅದೀನಿ. ಆದ್ರ ಬರೇ ಸಿಟ್ಟು ಮಾಡ್ಕೊಂಡು ಕುಂತ್ರ ದನಿ ಬರಂಗಿಲ್ಲ. ನೀ ಒಬ್ಬಾಕಿ ಬರದ್ರ ಅದು ನಿನ್ನ ಕಣ್ಣಿಗೆ ಸರಿ ಇರತೈತಿ, ನನ್ನ ಕಿವಿಗೆ ಅಲ್ಲ. ನನಗೂ ಕಲಿಸು.”

ಅಕ್ಕ ತಮ್ಮ ಇಬ್ಬರೂ ಅಳುತ್ತಾರೇನೋ ಎಂದು ನಾನು ಕಾದೆ. ಅನ್ನಪೂರ್ಣ ಕುರ್ಚಿ ಸರಿಸಿ, “ಕುಂದ್ರು ಇಲ್ಲಿ” ಅಂದಳು, ಅಷ್ಟೇ. ಅಂದಿನಿಂದ ಪ್ರತಿ ಭಾನುವಾರ ಅವನು ಬಂದ. ಕಟ್ಟುವಾಗ ಬರುವ ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ, ಇಂಗ್ಲಿಷ್ ದನಿ ಅವನಿಗೆ ಅದನ್ನು ಓದುತ್ತಿತ್ತು. ಅವನದೇ ಯಂತ್ರದಲ್ಲಿ ಕೋಣೆ ಹೂಡುವುದನ್ನು, ಸಾಮಾನು ಇಡುವುದನ್ನು, ಚಿಲಕ ಹಾಕುವುದನ್ನು ಕಲಿತ. ಅವಳು ನಿಯಮ ಬರೆಯುತ್ತಿದ್ದಳು, ಅವನು ಅವಳ ಯಂತ್ರದ ದನಿ ಕೇಳಿ ತಪ್ಪು ಹಿಡಿಯುತ್ತಿದ್ದ. ಒಂದು ‘ಫ’ಕ್ಕಾಗಿ ಇಬ್ಬರೂ ಮಧ್ಯಾಹ್ನವೆಲ್ಲ ಕಿತ್ತಾಡಿದ್ದನ್ನು ನೋಡಿ, ಹಂಪಿ ಬಜಾರಿನಿಂದ ಊಟಕ್ಕೆ ಬಂದಿದ್ದ ಗೈಡ್ ಹೊನ್ನೂರುಸ್ವಾಮಿ ಆಸ್ತಿ ಜಗಳವೇ ಎಂದು ನನ್ನನ್ನು ಮೆಲ್ಲಗೆ ಕೇಳಿದ.

ತೆಗೆದ ಪ್ಯಾಕೇಜು ಮತ್ತೆ ಒಳಗೆ ಬರಬೇಕಾದರೆ ಆ ತಂಡದಲ್ಲಿ ಒಂದು ಪದ್ಧತಿ ಇದೆ. ಕಟ್ಟಿದವರ ಮಾತು ಸಾಲದು. ಎರಡನೆಯವರೊಬ್ಬರು ತಮ್ಮ ಯಂತ್ರದಲ್ಲಿ ಬೇರೆಯೇ ಕೋಣೆ ಹೂಡಿ, ಕಟ್ಟಿ, ಸರಿಯಿದೆ ಎಂದು ತಮ್ಮ ಹೆಸರು ಹಾಕಬೇಕು. ಎರಡನೆಯ ಹೆಸರು ಮಲ್ಲೇಶನದಾಗಲಿ ಎಂದು ಅನ್ನಪೂರ್ಣ ಬರೆದಳು, ಅವನ ಕೆಲಸ ನೋಡಿದ್ದ ತಂಡದವರು ಒಪ್ಪಿದರು. ದಸರೆಗೆ ಸ್ವಲ್ಪ ಮುಂಚಿನ ಒಂದು ಭಾನುವಾರ ಸಂಜೆಗೆ ಹೊಸ ಆವೃತ್ತಿಯ ಬಾಗಿಲು ಮುಚ್ಚುವುದಿತ್ತು. ಅದು ತಪ್ಪಿದರೆ ಮುಂದಿನ ಅವಕಾಶ ಸಂಕ್ರಾಂತಿ ಕಳೆದ ಮೇಲೆ.

ಆ ಭಾನುವಾರ ಖಾನಾವಳಿ ತುಂಬಿತ್ತು. ಅನ್ನಪೂರ್ಣಳ ಕಟ್ಟುವಿಕೆ ಬೆಳಿಗ್ಗೆಯೇ ಪಾಸಾಗಿತ್ತು, ದನಿ ಸ್ಪಷ್ಟವಾಗಿ ಓದಿತ್ತು. ನಾನು ಖುಷಿಗೆ ಸಜ್ಜಕ ಮಾಡಿಟ್ಟಿದ್ದೆ. ಮಲ್ಲೇಶ ಪಕ್ಕದ ಟೇಬಲ್ಲಿನಲ್ಲಿ ತನ್ನ ಯಂತ್ರದಲ್ಲಿ ಕಟ್ಟಿದ. ಬಿತ್ತು. ಮತ್ತೆ ಹೊಸ ಕೋಣೆ ಹೂಡಿ ಕಟ್ಟಿದ. ಮತ್ತೆ ಬಿತ್ತು. ಕಟ್ಟಿದ ಮೇಲೆ ನಡೆಯುವ ನೂರಾರು ಪದಗಳ ಪರೀಕ್ಷೆಯಲ್ಲಿ ದನಿ ಎಡವುತ್ತಿತ್ತು.

“ಅಕ್ಕ, ನಿನ್ನ ಕ್ವಾಣಿಗೆ ಕಿಂಡಿ ಐತಿ ನೋಡು” ಅಂದ.

ಇತ್ತು. ನಮ್ಮೂರಿನ ನೆಟ್ಟು ಕುಂಟುತ್ತದೆಂದು, ಸಾಮಾನನ್ನು ಪ್ರತಿಸಲ ಇಳಿಸುವ ಗೋಳು ತಪ್ಪಲೆಂದು, ಅವಳು ತನ್ನ ಯಂತ್ರದ ಒಂದು ಫೋಲ್ಡರನ್ನು ಕೋಣೆಗೆ ತೆರೆದಿಟ್ಟಿದ್ದಳು. ಮುಚ್ಚಲು ಮರೆತಿದ್ದಳು. ಅದರ ಮೂಲೆಯಲ್ಲಿ ಆ ಹಳೆಯ ಕಡತ ಬಿದ್ದಿತ್ತು, ಊರು ಹೆಸರು ಗೊತ್ತಿಲ್ಲದ ಅದೇ ಕಡತ. ಹೊಸ ನಿಯಮಗಳು ಸಾಲದ ಕಡೆಯೆಲ್ಲ ತಂತ್ರಾಂಶ ಸುಮ್ಮನೆ ಅದರಲ್ಲಿ ಕೈಹಾಕಿ ತಂದುಕೊಳ್ಳುತ್ತಿತ್ತು. ಇವರು ಬರೆದದ್ದು ಪೂರ್ತಿಯಾಗಿದೆ ಅಂದುಕೊಂಡಿದ್ದರು, ಆಗಿರಲಿಲ್ಲ. ಇನ್ನೂ ವಾರಗಟ್ಟಲೆ ಕೆಲಸ ಉಳಿದಿತ್ತು.

ಅನ್ನಪೂರ್ಣ ಗೋಡೆಯ ಗಡಿಯಾರ ನೋಡಿದಳು. ತಮ್ಮನ ಮುಖ ನೋಡಿದಳು. ಆಮೇಲೆ ನಾನು ಅವಳ ಬಾಯಿಂದ ಎಂದೂ ಕೇಳದ ಮಾತು ಕೇಳಿದೆ.

“ಮಲ್ಲೇಶ, ಆ ಹಳೇ ಕಡತ ನಾವ ಪ್ಯಾಕೇಜಿನೊಳಗ ಇಟ್ಟುಬಿಡೂಣು. ಹೊರಗಿಂದ ತರೂದು ಇರಂಗಿಲ್ಲ, ಸ್ಯಾಂಡ್‌ಬಾಕ್ಸ್ ಏನೂ ಅನ್ನಂಗಿಲ್ಲ, ಪಾಸ್ ಆಗತೈತಿ. ಅದ್ರಾಗ ಕೆಟ್ಟದ್ದು ಇಲ್ಲ, ನಾ ಸಾಲು ಸಾಲು ನೋಡೀನಿ. ಸಂಕ್ರಾಂತಿ ಆದಮ್ಯಾಲ ತಗದು ನಮ್ಮದು ಹಾಕೂಣು. ಅಲ್ಲೀತನ ನೀ ದನಿ ಇಲ್ಲದ ಹೆಂಗ ಇರತಿ?”

ಮುಖವನ್ನೂ ಕಾಣದ ಯಾರ್ಯಾರದೋ ಸಲುವಾಗಿ ವಿನಾಯಿತಿ ಬೇಡ ಎಂದವಳು ತಮ್ಮನ ಮುಂದೆ ಸಡಿಲಾಗಿದ್ದಳು. ಅವಳನ್ನು ನಾನು ಅಷ್ಟು ಪ್ರೀತಿಸಿದ ಗಳಿಗೆ ಇನ್ನೊಂದಿಲ್ಲ. ಸೌಟು ಹಿಡಿದು ನಿಂತವನು ಮನಸ್ಸಿನಲ್ಲೇ, ಹೂಂ ಅನ್ನು ಮಾರಾಯ ಎಂದು ಮಲ್ಲೇಶನಿಗೆ ಹೇಳುತ್ತಿದ್ದೆ.

“ಸ್ಯಾಂಡ್‌ಬಾಕ್ಸ್ ಏನೂ ಅನ್ನಂಗಿಲ್ಲ ಖರೇನ ಅಕ್ಕ” ಅಂದ ಮಲ್ಲೇಶ. “ಆದ್ರ ಕೆಳಗ ಹಾಕೂದು ನನ್ನ ಹೆಸರಲ್ಲೇನು? ಅದು ಎಲ್ಲಿಂದ ಬಂತು ಅಂತ ಯಾರರ ಕೇಳಿದ್ರ ನಾ ಏನು ಹೇಳ್ಲಿ? ನಾ ಹಾಕಂಗಿಲ್ಲ.”

“ನಿನ್ನ ಸಲುವಾಗಿನ ಹೇಳಾಕತ್ತೀನಿ ಲೇ.”

“ನನ್ನ ಸಲುವಾಗಿ ನೀ ಕೆಡಬ್ಯಾಡ.”

ಸಂಜೆ ಬಾಗಿಲು ಮುಚ್ಚಿತು, ಪ್ಯಾಕೇಜು ಹೊರಗೇ ಉಳಿಯಿತು. ಅನ್ನಪೂರ್ಣ ಆ ಫೋಲ್ಡರನ್ನು ಅಳಿಸಿದಳು, ನಡೆದ ತಪ್ಪು ತನ್ನದೆಂದು ತಂಡಕ್ಕೆ ಬರೆದಳು. ಸಜ್ಜಕವನ್ನು ಗಿರಾಕಿಗಳಿಗೆ ಬಡಿಸಿದೆ.

ದಸರೆಯ ಮೇಲೆ ಶಾಲೆಯ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ಬಂತು. ಮಲ್ಲೇಶನ ಸ್ವಂತ ಯಂತ್ರದಲ್ಲಿದ್ದ ಅರೆಬರೆ ದನಿ ತೊದಲುತ್ತಿತ್ತು, ಅದನ್ನು ನಂಬಿ ಮಕ್ಕಳ ತಪ್ಪು ಹಿಡಿಯುವಂತಿರಲಿಲ್ಲ. ಜೊತೆಯ ಮೇಷ್ಟ್ರುಗಳ ಬಾಗಿಲಿಗೆ ಮತ್ತೆ ಹೋಗಲು ಮಲ್ಲೇಶನಿಗೆ ಮನಸ್ಸಿರಲಿಲ್ಲ. ಮಕ್ಕಳ ಪ್ರಬಂಧಗಳನ್ನು ಅಕ್ಕನಿಗೆ ಮೇಲ್ ಮಾಡಿಸಿ, ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಫೋನ್ ಮಾಡುತ್ತಿದ್ದ. ಇವಳು ಅಂಗಳದ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಓದುತ್ತಿದ್ದಳು. ಅಜ್ಜಿಯ ಎಮ್ಮೆ ಕಾಲುವೆಗೆ ಬಿದ್ದದ್ದು, ಗದ್ದೆಗೆ ಬರುವ ಕೊಕ್ಕರೆಗಳು, ಕಂಪ್ಲಿಯ ಸೇತುವೆ, ಎಲ್ಲ ನಮ್ಮ ಅಂಗಳದಲ್ಲಿ ಕೇಳುತ್ತಿತ್ತು. ನಡುನಡುವೆ ಅವನು ಗದರುತ್ತಿದ್ದ, “ಅಕ್ಕ, ಹುಡುಗ ತಪ್ಪು ಬರದ್ರ ತಪ್ಪ ಓದು. ನೀ ತಿದ್ದಿ ಓದಬ್ಯಾಡ.” ಆಮೇಲೆ ಶಾಲೆ, ಖಾನಾವಳಿ, ಮತ್ತೆ ಭಾನುವಾರದ ನಿಯಮಗಳು. ಅವಳಿಗೆ ಗಂಟಲು ಕೆಟ್ಟ ವಾರವೂ ಓದುವುದು ನಿಲ್ಲಲಿಲ್ಲ. ಶುಂಠಿ ಕಷಾಯ ಕುಡಿದು ಓದಿದಳು.

ಸಂಕ್ರಾಂತಿ ಕಳೆದ ಮೇಲೆ ಪ್ಯಾಕೇಜು ಒಳಗೆ ಹೋಯಿತು. ಎರಡು ಯಂತ್ರದ ಎರಡು ಕೋಣೆಗಳಲ್ಲೂ ಕಟ್ಟಿ, ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಮಲ್ಲೇಶ ತನ್ನ ಹೆಸರು ಹಾಕಿದ. ಇಷ್ಟೆಲ್ಲ ಆದದ್ದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ಅದಾದ ಮೊದಲ ಸೋಮವಾರ ಬೆಳಿಗ್ಗೆ ಅನ್ನಪೂರ್ಣ ಎಂದಿನಂತೆ ಕಟ್ಟೆಯ ಮೇಲೆ ಕೂತಿದ್ದಳು. ಲ್ಯಾಪ್‌ಟಾಪಿನಲ್ಲಿ ಮೊದಲ ಪ್ರಬಂಧ ತೆರೆದಿಟ್ಟಿದ್ದಳು, ಪಕ್ಕದಲ್ಲಿ ಫೋನ್ ಇತ್ತು. ನಾನು ಚಹಾ ಕೊಟ್ಟೆ. ಚಹಾ ಮುಗಿಯಿತು, ಫೋನ್ ಬರಲಿಲ್ಲ. ಶಾಲೆಯ ಹೊತ್ತಾಗುತ್ತಿತ್ತು.

“ಯಾಕ, ಮಲ್ಲೇಶ ಇನ್ನೂ ಎದ್ದಿಲ್ಲೇನು?” ಅಂದೆ.

ಅವಳು ಫೋನನ್ನೊಮ್ಮೆ ನೋಡಿದಳು. ಲ್ಯಾಪ್‌ಟಾಪ್ ಮುಚ್ಚಿ ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎದ್ದಾನ್ರಿ” ಅಂದಳು. “ತಾನ ಓದ್ಕೊಳ್ಳಾಕತ್ತಾನ.”